ಹುಣಸೆ ಬೀಜ ಇಟ್ಟು ಮಕ್ಕಳಿಗೆ ರಾಷ್ಟ್ರಪತಿ ಚುನಾವಣೆ ಕಲಿಸಿ

ಜೋರು ಮಳೆಗೆ ಉಡುಪಿಯಲ್ಲಿ ಶಾಲೆಗೆ ರಜೆ ಕೊಟ್ಟ ದಿನ. ಆಚೀಚೆ ಮನೆಯವರೂ ಸೇರಿ ನಮ್ಮ ಚಾವಡಿಯಲ್ಲಿ ಹತ್ತು ಮಕ್ಕಳು. ಐದನೇ ಕ್ಲಾಸಿನ ಹುಡುಗಿ ಕೇಳಿದಳು: "ಚಿಕ್ಕಮ್ಮ, ರಾಷ್ಟ್ರಪತಿಗೆ ಅಪ್ಪ ಅಮ್ಮ ಯಾವಾಗ ಓಟು ಹಾಕಿದ್ದು?" ಅವರು ಹಾಕುವುದಿಲ್ಲ ಮಗಾ ಎಂದರೆ ನಂಬಲೇ ಇಲ್ಲ. ಇದನ್ನು ಬಾಯಲ್ಲಿ ಹೇಳಿದರೆ ತಲೆಗೆ ಹೋಗುವುದು ಕಷ್ಟ. ಆಡಿಸಿದರೆ ಒಂದು ಗಂಟೆ ಸಾಕು. ಬೇಕಾದದ್ದು ಒಂದು ಸೇರು ಹುಣಸೆ ಬೀಜ, ಎರಡು ಗೆರಟೆ, ಕಾಗದದ ಚೀಟಿ, ಒಂದೇ ಒಂದು ಪೆನ್ನು.

ಮೊದಲು, ಓಟು ಯಾರಿಗೆ ಉಂಟು?

ನಾವು ಆರಿಸಿ ಕಳಿಸಿದ ಶಾಸಕರು ಮತ್ತು ಸಂಸದರು ನಮ್ಮ ಪರವಾಗಿ ರಾಷ್ಟ್ರಪತಿಯನ್ನು ಆರಿಸುತ್ತಾರೆ. ವಿಧಾನ ಪರಿಷತ್ ಸದಸ್ಯರಿಗೆ ಓಟಿಲ್ಲ. ನಾಮನಿರ್ದೇಶನದಿಂದ ಬಂದವರಿಗೂ ಇಲ್ಲ. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು 2022ರ ಜುಲೈನಲ್ಲಿ ರಾಜ್ಯಸಭೆಗೆ ನಾಮನಿರ್ದೇಶನಗೊಂಡರು. ಅದೇ ತಿಂಗಳು ನಡೆದ ರಾಷ್ಟ್ರಪತಿ ಚುನಾವಣೆಯಲ್ಲಿ ಅವರು ಓಟು ಹಾಕುವಂತಿರಲಿಲ್ಲ. ಊರಿನವರ ಹೆಸರು ಹೇಳಿದರೆ ಮಕ್ಕಳಿಗೆ ನಿಯಮ ಬೇಗ ನೆನಪಿರುತ್ತದೆ.

ಆಮೇಲೆ ಬೀಜ ಎಣಿಸಿ

ಇಲ್ಲಿ ಅವಸರ ಬೇಡ. ಒಂದು ಗೆರಟೆಗೆ 131 ಬೀಜ ಹಾಕಿಸಿ. ಇನ್ನೊಂದಕ್ಕೆ 7. ಮೊದಲನೆಯದು ಕರ್ನಾಟಕದ ಒಬ್ಬ ಶಾಸಕರ ಓಟಿನ ಬೆಲೆ, ಎರಡನೆಯದು ಸಿಕ್ಕಿಂನ ಒಬ್ಬ ಶಾಸಕರದ್ದು. ಬೀಜ ಮಕ್ಕಳೇ ಎಣಿಸಬೇಕು. ಗೆರಟೆ ತುಂಬುತ್ತಾ ಬಂದ ಹಾಗೆ ಪ್ರಶ್ನೆ ತಾನಾಗಿ ಬರುತ್ತದೆ. "ಸಿಕ್ಕಿಂನವರಿಗೆ ಮೋಸ ಅಲ್ವಾ?"

ಅಲ್ಲ. ಅನ್ನಕ್ಕೆ ಕುಚ್ಚಲಕ್ಕಿ ಅಳೆಯುವಾಗ ಮನೆಯಲ್ಲಿ ಎಷ್ಟು ಜನ ಎಂದು ನೋಡುತ್ತೇವಲ್ಲ, ಹಾಗೆಯೇ ಇದು. ರಾಜ್ಯದ ಜನಸಂಖ್ಯೆಯನ್ನು ಶಾಸಕರ ಸಂಖ್ಯೆಯಿಂದ ಭಾಗಿಸಿ, ಬಂದದ್ದನ್ನು ಸಾವಿರದಿಂದ ಭಾಗಿಸುತ್ತಾರೆ. ಕರ್ನಾಟಕದ 2,92,99,014 ಜನರನ್ನು 224ರಿಂದ ಭಾಗಿಸಿ ನೋಡಿ. ಅಂದರೆ ಒಂದು ಬೀಜ ಎಂದರೆ ಸುಮಾರು ಸಾವಿರ ಜನ. "ನಾವು ಬರೀ ಮೂರು ಕೋಟಿಯಾ?" ಎಂದು ದೊಡ್ಡ ಮಕ್ಕಳು ಕೇಳಿಯೇ ಕೇಳುತ್ತಾರೆ. ಇದು 1971ರ ಜನಗಣತಿಯ ಲೆಕ್ಕ. ಜನಸಂಖ್ಯೆ ಹತೋಟಿಯಲ್ಲಿಟ್ಟ ರಾಜ್ಯಗಳ ಓಟಿನ ಬೆಲೆ ಕಡಿಮೆಯಾಗಬಾರದು ಎಂದು ಆ ಲೆಕ್ಕವನ್ನೇ ಉಳಿಸಿಕೊಂಡಿದ್ದಾರೆ.

ದಕ್ಷಿಣ ಕನ್ನಡದ 8 ಶಾಸಕರು, ಉಡುಪಿಯ 5. ಹದಿಮೂರನ್ನು 131ರಿಂದ ಗುಣಿಸಲು ಮಕ್ಕಳಿಗೇ ಬಿಡಿ. ನಮ್ಮವರು 1,703 ಎಂದು ಮೂರು ಸಲ ಕೂಗಿದರು. ಸಂಸದರ ಓಟಿನ ಬೆಲೆ ಊರೂರಿಗೆ ಬದಲಾಗುವುದಿಲ್ಲ. ದೇಶದ ಎಲ್ಲ ಶಾಸಕರ ಓಟಿನ ಮೊತ್ತವನ್ನು ಚುನಾಯಿತ ಸಂಸದರಿಗೆ ಸಮನಾಗಿ ಹಂಚುತ್ತಾರೆ. 2022ರಲ್ಲಿ ಒಬ್ಬೊಬ್ಬರಿಗೆ 700 ಬಂತು.

ಈಗ ಓಟು

ಬೀಜ ಬದಿಗಿಡಿ. ಈ ಆಟಕ್ಕೆ ಒಬ್ಬರಿಗೆ ಒಂದೇ ಓಟು. ನಾವು ನಾಳೆಯ ತಿಂಡಿಗೆ ಚುನಾವಣೆ ಇಟ್ಟೆವು. ಗೋಳಿಬಜೆ, ಬನ್ಸ್, ಪತ್ರೊಡೆ ಕಣದಲ್ಲಿ. ಚೀಟಿಯಲ್ಲಿ ಮೂರರ ಹೆಸರೂ ಬರೆದುಕೊಟ್ಟು, ಇಷ್ಟದ ಕ್ರಮದಲ್ಲಿ 1, 2, 3 ಹಾಕಲು ಹೇಳಿ. ನಿಜವಾದ ಚುನಾವಣೆಯಲ್ಲೂ ಯಂತ್ರ ಇಲ್ಲ, ಚೀಟಿಯೇ. ಸಂಸದರಿಗೆ ಹಸಿರು, ಶಾಸಕರಿಗೆ ಗುಲಾಬಿ. ಚುನಾವಣಾ ಆಯೋಗ ಕೊಡುವ ನೇರಳೆ ಶಾಯಿಯ ಪೆನ್ನಿನಲ್ಲೇ ಬರೆಯಬೇಕು. ಅದಕ್ಕೇ ನಾವೂ ಒಂದೇ ಪೆನ್ನು ಇಟ್ಟೆವು. ಕನ್ನಡದ ೧ ಬರೆದರೂ ನಡೆಯುತ್ತದೆ. ಅಕ್ಷರದಲ್ಲಿ ಬರೆಯುವಂತಿಲ್ಲ. ನಮ್ಮ ಮನೆಯ ಸಣ್ಣವನು ದುಂಡಗೆ "ಒಂದು" ಎಂದು ಬರೆದಿದ್ದ. ಚೀಟಿ ಅಸಿಂಧು. ಕಣ್ಣು ತುಂಬಿತು ಪಾಪ. ಅವನಿಗೆ ಎಣಿಕೆಯ ಅಧಿಕಾರಿಯ ಕೆಲಸ ಕೊಟ್ಟೆ.

ಎಣಿಕೆಯೇ ಮುಖ್ಯ

ಉಳಿದದ್ದು 9 ಚೀಟಿ. ಗೆಲ್ಲಲು ಅರ್ಧಕ್ಕಿಂತ ಜಾಸ್ತಿ ಬೇಕು, ಅಂದರೆ 5. ಗೋಳಿಬಜೆಗೆ 4, ಬನ್ಸಿಗೆ 3, ಪತ್ರೊಡೆಗೆ 2. "ಗೋಳಿಬಜೆ ಗೆದ್ದಿತು!" ಎಂದು ಕುಣಿದರು. ಅಲ್ಲಿಯೇ ತಡೆಯಿರಿ. ಯಾರಿಗೂ 5 ಬಂದಿಲ್ಲವಲ್ಲ? ಕೊನೆಯ ಪತ್ರೊಡೆಯನ್ನು ಕಣದಿಂದ ತೆಗೆದು, ಆ ಎರಡು ಚೀಟಿಗಳಲ್ಲಿ 2 ಎಂದು ಯಾವುದಕ್ಕೆ ಬರೆದಿದ್ದಾರೆ ನೋಡಿ. ಎರಡರಲ್ಲೂ ಬನ್ಸ್. ಮೂರು ಇದ್ದದ್ದು ಐದಾಯಿತು. ಪತ್ರೊಡೆ ಸೋತರೂ ಅದಕ್ಕೆ ಓಟು ಹಾಕಿದವರ ಮಾತು ಲೆಕ್ಕಕ್ಕೆ ಬಂತು. ಮಕ್ಕಳಿಗೆ ಕಾಣಿಸಬೇಕಾದದ್ದು ಇದೇ ಎಂದು ನನಗನಿಸುತ್ತದೆ.

1969ರಲ್ಲಿ ನಿಜವಾಗಿಯೂ ಹೀಗಾಗಿತ್ತು. ಮೊದಲ ಎಣಿಕೆಯಲ್ಲಿ ಮುಂದಿದ್ದರೂ ವಿ.ವಿ. ಗಿರಿಯವರಿಗೆ ಬೇಕಾದಷ್ಟು ಓಟು ಸಿಗಲಿಲ್ಲ. ಎರಡನೇ ಆಯ್ಕೆ ಎಣಿಸಿದ ಮೇಲೆಯೇ ನೀಲಂ ಸಂಜೀವ ರೆಡ್ಡಿಯವರನ್ನು ಸೋಲಿಸಿದರು. 2022ರಲ್ಲಿ ಅಷ್ಟು ಕೆಲಸ ಇರಲಿಲ್ಲ. ದ್ರೌಪದಿ ಮುರ್ಮು ಅವರಿಗೆ ಮೊದಲ ಎಣಿಕೆಯಲ್ಲೇ 6,76,803 ಬೆಲೆಯ ಓಟು, ಯಶವಂತ ಸಿನ್ಹಾ ಅವರಿಗೆ 3,80,177. ಆ ವರ್ಷ ರಾಜ್ಯಗಳ ಮತಪೆಟ್ಟಿಗೆಗಳು ದೆಹಲಿಗೆ ವಿಮಾನದಲ್ಲಿ ಹೋದವು, ಪೆಟ್ಟಿಗೆಗೂ ಟಿಕೆಟ್ ಮಾಡಿಸಿ ಸೀಟಿನಲ್ಲೇ ಕೂರಿಸಿದ್ದರು. ಇದನ್ನು ಹೇಳಲು ಮರೆಯಬೇಡಿ.

ಆಟವನ್ನು ಸಂಜೆಯೇ ಮುಗಿಸಿ. ಬನ್ಸ್ ಗೆದ್ದರೆ ಬಾಳೆಹಣ್ಣು ಕಿವುಚಿ ಹಿಟ್ಟು ರಾತ್ರಿಯೇ ಕಲಸಿಡಬೇಕು. ನಾನು ಕಲಸುತ್ತಿರುವಾಗ ಆ ಹುಡುಗಿ ಮತ್ತೆ ಬಂದಳು. "ಉಪರಾಷ್ಟ್ರಪತಿಗೂ ಶಾಸಕರು ಓಟು ಹಾಕ್ತಾರಾ?" ಇಲ್ಲ ಮಗಾ, ಅಲ್ಲಿ ಸಂಸದರು ಮಾತ್ರ ಎಂದೆ. ಒಂದು ಕ್ಷಣ ಯೋಚಿಸಿ ಕೇಳಿದಳು: "ಹಾಗಾದ್ರೆ ಹೆಗ್ಗಡೆಯವರು?"

ಅಲ್ಲಿ ಅವರಿಗೆ ಓಟು ಉಂಟು.