ತಣ್ಣಗಿದ್ದ ಕಂಪ್ಯೂಟರಿನ ಫ್ಯಾನ್ ಯಾಕೆ ಅರಚುತ್ತಿತ್ತು

ಡೆಸ್ಕ್‌ಟಾಪ್ ಆನ್ ಮಾಡಿದ ಐದೇ ಸೆಕೆಂಡಿಗೆ ಫ್ಯಾನ್ ಮಿಕ್ಸಿ ಹಾಗೆ ಅರಚಲು ಶುರುಮಾಡುತ್ತಿತ್ತು. ಸುಮ್ನೆ ಏನೋ ಟೈಪ್ ಮಾಡುತ್ತಿದ್ದರೂ ಅದೇ ಸದ್ದು.

ಮೊದಲು ಧೂಳು ತೆಗೆದೆ. ಪ್ರೊಸೆಸರ್ ಮೇಲಿನ ಹಳೇ ಥರ್ಮಲ್ ಪೇಸ್ಟ್ (ಬಿಸಿಯನ್ನು ಹೊರಗೆ ಸಾಗಿಸುವ ಲೇಪ) ಒರೆಸಿ ಹೊಸದು ಹಚ್ಚಿದೆ. ಏನೂ ಬದಲಾಗಲಿಲ್ಲ. ಅರಚುತ್ತಿದ್ದದ್ದು ಪ್ರೊಸೆಸರಿನ ಫ್ಯಾನ್ ಅಲ್ಲ, ಕ್ಯಾಬಿನೆಟ್‌ನ ಮುಂಭಾಗದ ಎರಡು ಫ್ಯಾನ್‌ಗಳು ಅಂತ ಗೊತ್ತಾಗಿದ್ದು ಆಮೇಲೆ. ಅದನ್ನೇ ಮೊದಲು ನೋಡಬೇಕಿತ್ತು.

ಇನ್ನೊಂದು ವಿಷಯ ನನ್ನನ್ನು ಪೂರ್ತಿ ದಾರಿ ತಪ್ಪಿಸಿತು. ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದಿಟ್ಟರೆ ಸದ್ದು ನಿಲ್ಲುತ್ತಿತ್ತು, ಮುಚ್ಚಿದರೆ ಮತ್ತೆ ಶುರು. ಒಳಗೆ ಗಾಳಿ ಆಡದೆ ಬಿಸಿ ಕಟ್ಟಿಕೊಳ್ಳುತ್ತಿದೆ ಅಂದುಕೊಂಡೆ. ಯಾರಿಗಾದರೂ ಹಾಗೇ ಅನ್ನಿಸುತ್ತೆ ಅಲ್ವಾ?

ಒಂದು ರಾತ್ರಿ ಪೂರ್ತಿ ಆಫ್ ಮಾಡಿಟ್ಟು, ಬೆಳಿಗ್ಗೆ ಆನ್ ಮಾಡಿದ ಕೂಡಲೇ ಬಯೋಸ್‌ಗೆ, ಅಂದರೆ ಕಂಪ್ಯೂಟರ್ ಪೂರ್ತಿ ಶುರುವಾಗುವ ಮೊದಲೇ ತೆರೆಯಬಹುದಾದ ಸೆಟ್ಟಿಂಗ್ಸ್ ಪರದೆಗೆ ಹೋದೆ. ತಣ್ಣಗಿರುವ ಯಂತ್ರದಲ್ಲಿ ಎಲ್ಲ ಸೆನ್ಸರ್‌ಗಳೂ ಕೋಣೆಯ ಬಿಸಿಯ ಆಸುಪಾಸಿನಲ್ಲೇ ಇರಬೇಕು. ಪ್ರೊಸೆಸರ್ 33 ಡಿಗ್ರಿ, ಮದರ್‌ಬೋರ್ಡ್ 28. ಮೂರನೇ ಸಾಲಿನಲ್ಲಿ 120! ಅದು ಹಾರ್ಡ್ ಡಿಸ್ಕ್ ಪಕ್ಕಕ್ಕೆ ನಾನೇ ಅಂಟಿಸಿದ್ದ ಸೆನ್ಸರ್. ಮುಂದಿನ ಫ್ಯಾನ್‌ಗಳು ಅದರ ಮಾತು ಕೇಳಿ ಓಡಲಿ ಅಂತ ಸೆಟ್ ಮಾಡಿದ್ದವನೂ ನಾನೇ.

ಪರದೆ ನೋಡುತ್ತಲೇ ಬಾಗಿಲು ಸರಿಸಿದೆ. ಕಣ್ಣು ಮಿಟುಕಿಸುವುದರೊಳಗೆ 120 ಹೋಗಿ 27 ಬಂತು. ಒತ್ತಿದೆ, ಮತ್ತೆ 120. ಆಗ ಗುಟ್ಟು ಬಯಲಾಯಿತು. ನಿಜವಾದ ಬಿಸಿ ಹೀಗೆ ನೆಗೆಯುವುದಿಲ್ಲ. ಏರಲೂ ಹೊತ್ತು ಬೇಕು, ಇಳಿಯಲೂ ಹೊತ್ತು ಬೇಕು. ಹೀಗೆ ನೆಗೆದರೆ ವೈರನ್ನೇ ಅನುಮಾನಿಸಬೇಕು.

ಪವರ್ ಕೇಬಲ್ ಕಿತ್ತು ಟಾರ್ಚ್ ಹಿಡಿದು ನೋಡಿದೆ. ಸೆನ್ಸರಿನ ಸಣ್ಣ ಜೋಡಿ ವೈರು ಬಾಗಿಲಿನ ಅಂಚಿಗೆ ಸಿಕ್ಕಿಕೊಂಡು ಚಪ್ಪಟೆಯಾಗಿತ್ತು. ಮೇಲಿನ ಪ್ಲಾಸ್ಟಿಕ್ ಹರಿದು ತಾಮ್ರ ಮಿನುಗುತ್ತಿತ್ತು. ಬಾಗಿಲು ಒತ್ತಿದಾಗ ಎರಡೂ ಎಳೆಗಳು ಒಂದಕ್ಕೊಂದು ತಗಲುತ್ತಿದ್ದವು.

ಈ ಸೆನ್ಸರ್ ಒಂದು ಥರ್ಮಿಸ್ಟರ್. ಬಿಸಿ ಏರಿದಂತೆ ಇದರ ರೆಸಿಸ್ಟೆನ್ಸ್ ಇಳಿಯುತ್ತದೆ. ನನ್ನದು 25 ಡಿಗ್ರಿಯಲ್ಲಿ 10 ಕಿಲೋ ಓಮ್ ತೋರಿಸಬೇಕಾದ್ದು. ಸೆನ್ಸರಿನ ಪ್ಲಗ್ ಕಿತ್ತು ಮಲ್ಟಿಮೀಟರ್ ಹಿಡಿದೆ. ವೈರು ಅಮುಕಿದರೆ ಹೆಚ್ಚುಕಮ್ಮಿ ಸೊನ್ನೆ, ಬಿಟ್ಟರೆ 10ರ ಹತ್ತಿರ. ಸೊನ್ನೆ ಅಂದರೆ ಮದರ್‌ಬೋರ್ಡಿನ ಲೆಕ್ಕದಲ್ಲಿ ವಿಪರೀತ ಬಿಸಿ. ಪಾಪ, ಫ್ಯಾನ್ ತನ್ನ ಕೆಲಸವನ್ನು ಸರಿಯಾಗೇ ಮಾಡುತ್ತಿತ್ತು.

ಹೊಸ ಸೆನ್ಸರ್ ಸಿಗುವವರೆಗೆ ಬಯೋಸ್‌ನಲ್ಲಿ ಆ ಫ್ಯಾನ್‌ಗಳನ್ನು ಪ್ರೊಸೆಸರಿನ ಬಿಸಿಗೆ ಜೋಡಿಸಿದೆ. ಸದ್ದು ತಡೆಯಲಾಗದೆ ಫ್ಯಾನ್ ಪ್ಲಗ್ಗನ್ನೇ ಕಿತ್ತುಬಿಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಒಳಗಿನ ಡಿಸ್ಕ್ ನಿಜವಾಗಿಯೂ ಬಿಸಿಯಾದ ದಿನ ಕಾಪಾಡಲು ಏನೂ ಇರುವುದಿಲ್ಲ.

ಹೊಸ ಸೆನ್ಸರಿನ ವೈರನ್ನು ಬಾಗಿಲಿನಿಂದ ದೂರ, ಹಿಂಬದಿಯಿಂದ ತಂದು ಎರಡು ಕಡೆ ಕೇಬಲ್ ಟೈ ಹಾಕಿದೆ. ಮರುದಿನ ಬೆಳಿಗ್ಗೆ ಬಾಗಿಲು ಮುಚ್ಚಿಯೇ ಆನ್ ಮಾಡಿದೆ. ಮೂರನೇ ಸಾಲಿನಲ್ಲಿ 26.