ವಿಭಕ್ತಿ ಕಾರ್ಡಿನಿಂದ ಮಂತ್ರ ಕಟ್ಟುವ ಆಟ: ನನ್ನ ಅನುಭವ

‘ವ್ಯಾಕರಣ ಇಟ್ಕೊಂಡು ಯಾರಾದ್ರೂ ಆಟ ಆಡ್ತಾರೇನ್ರೀ?’ ವಿಜಯಪುರದಲ್ಲಿ ನನ್ನ ಜೊತೆ ಬೋರ್ಡ್ ಗೇಮ್ ಆಡುವವರೆಲ್ಲ ಇದನ್ನೇ ಕೇಳಿದ್ದರು. ಈಗ ಅವರ ಮಕ್ಕಳೇ ನನ್ನ ಆಟದ ಡೆಕ್ (ಕಾರ್ಡಿನ ಕಟ್ಟು) ಕೇಳಿ ಒಯ್ಯುತ್ತಿದ್ದಾರೆ. ಹಾಗಾಗಿ ಬರೆಯೋಣ ಅನ್ನಿಸಿತು.

ಶುರು ಮಾಡಿದ್ದು ಅಕ್ಷರದ ಬಿಲ್ಲೆಗಳಿಂದ. ಇಂಗ್ಲಿಷಿಗೆ 26 ಅಕ್ಷರ ಸಾಕು. ನಮ್ಮಲ್ಲಿ ಕಾಗುಣಿತ, ಅದರ ಮೇಲೆ ಒತ್ತಕ್ಷರ. ಬಿಲ್ಲೆ ನಾನೂರು ದಾಟಿದರೂ ‘ಕತ್ತಲೆ’ ಬರೆಯಲು ‘ತ್ತ’ ಸಿಗುತ್ತಿರಲಿಲ್ಲ. ಎಂಡಿಎಫ್ (ಮರದ ನಾರಿನ ಹಲಗೆ) ಲೇಸರ್ ಕಟಿಂಗಿಗೇ ನಾಲ್ಕೈದು ಸಾವಿರ ಹೋಯಿತು.

ಆಮೇಲೆ ಅಕ್ಷರ ಬಿಟ್ಟು ಪದದ ತುಂಡುಗಳನ್ನು ಹಿಡಿದೆ. ಹೆಸರು, ಕ್ರಿಯೆ, ಪ್ರತ್ಯಯ. ಉದಾಹರಣೆಗೆ ನಿಮ್ಮ ಕೈಯಲ್ಲಿ ಕಲ್ಲು, ಮರ, ಇಂದ, ಅನ್ನು, ಉರುಳು, ಇಸು ಇವೆ ಅಂದುಕೊಳ್ಳಿ. ‘ಕಲ್ಲಿನಿಂದ ಮರವನ್ನು ಉರುಳಿಸು’ ಅಂತ ಮಂತ್ರ ಕಟ್ಟಿದರೆ ಎದುರಾಳಿಯ ಮರ ಬಿತ್ತು. ಅವರ ಬಳಿ ಅದಲುಬದಲು ಕಾರ್ಡು ಇದ್ದರೆ ಎರಡು ಪ್ರತ್ಯಯ ಮಾತ್ರ ಜಾಗ ಬದಲಿಸುತ್ತವೆ: ‘ಮರದಿಂದ ಕಲ್ಲನ್ನು ಉರುಳಿಸು’. ನಿಮ್ಮ ಮಂತ್ರ ನಿಮಗೇ ತಿರುಗಿತು! ಇಡೀ ಆಟದ ಜೀವ ಇಲ್ಲೇ ಇದೆ.

ಗೆಳೆಯರ ಅನುಮಾನವೂ ಇಲ್ಲೇ ಇತ್ತು. ಕಾರ್ಡಿನಲ್ಲಿರುವುದು ‘ಇಂದ’, ಬಾಯಲ್ಲಿ ಬರುವುದು ‘ದಿಂದ’. ಅದಕ್ಕೆ ದಿಂದ, ಯಿಂದ, ನಿಂದ ಎಲ್ಲಕ್ಕೂ ಬೇರೆ ಬೇರೆ ಕಾರ್ಡು ಮಾಡು ಅಂದರು. ಮಾಡಿಯೂ ನೋಡಿದೆ. ಕೈಗೆ ಬಂದ ಕಾರ್ಡುಗಳಲ್ಲಿ ಅರ್ಧಕ್ಕರ್ಧ ಜೋಡಿಯೇ ಆಗಲಿಲ್ಲ, ಎಲ್ಲರೂ ಸುಮ್ನೆ ಪಾಸ್ ಪಾಸ್ ಅನ್ನುತ್ತಾ ಕೂತರು. ಅವನ್ನೆಲ್ಲ ತೆಗೆದು ಒಂದೇ ‘ಇಂದ’ ಉಳಿಸಿದೆ. ಜೋಡಿಸಿದ ಮಂತ್ರವನ್ನು ಒಂದೇ ಉಸಿರಿಗೆ ಗಟ್ಟಿಯಾಗಿ ಹೇಳಬೇಕು, ತಡವರಿಸಿದರೆ ಮಂತ್ರ ಸುಳ್ಳು. ಈ ನಿಯಮ ಬಂದ ಮೇಲೆ ಆಟ ತನ್ನ ಕಾಲ ಮೇಲೆ ನಿಂತಿತು. ಕನ್ನಡ ಮಾತಾಡುವ ಮಗು ‘ಮರಯಿಂದ’ ಅನ್ನುವುದಿಲ್ಲ, ಅಲ್ವಾ? ಸಂಧಿಯ ಹೆಸರು ಗೊತ್ತಿಲ್ಲದಿದ್ದರೂ ಸಂಧಿ ಬಾಯಲ್ಲಿರುತ್ತದೆ.

ನಮ್ಮ ಕಡೆ ಇನ್ನೊಂದು ಜಗಳ ಎದ್ದಿತು. ಹುಡುಗರು ‘ಕಲ್ಲಿನಿಂದ’ ಬದಲು ‘ಕಲ್ಲಿಲೆ’ ಅನ್ನುತ್ತಾರೆ, ‘ಮನೆಯಲ್ಲಿ’ ಬದಲು ‘ಮನ್ಯಾಗ’ ಅನ್ನುತ್ತಾರೆ. ಒಪ್ಪಬೇಕೋ ಬೇಡವೋ? ನಾನು ಒಪ್ಪಿದೆ. ಸುತ್ತ ಕೂತವರು ಮಾತಾಡುವ ಕನ್ನಡವೇ ಆ ಆಟದ ಕನ್ನಡ. ಇದರಲ್ಲಿ ನಾನು ರಾಜಿ ಆಗುವುದಿಲ್ಲ.

ನಡುವೆ ‘ಇಲ್ಲ’ ಅನ್ನುವ ಅರ್ಥ ಕೊಡುವ ‘ಅದ’ ಕಾರ್ಡು ಹಾಕಿ ನೋಡಿದೆ. ಆರದ ಬೆಂಕಿ, ಬೀಳದ ಮರ, ಮುಳುಗದ ಕಲ್ಲು. ಕೇಳಲು ಭಾರಿ ಚೆನ್ನ, ಆದರೆ ಯಾರೂ ಸೋಲುತ್ತಿರಲಿಲ್ಲ, ಆಟ ಮುಗಿಯುತ್ತಲೇ ಇರಲಿಲ್ಲ. ಈಗ ಡೆಕ್ಕಿಗೆ ಒಂದೇ ‘ಅದ’, ಅದೂ ಒಂದು ಸುತ್ತು ಮಾತ್ರ ನಡೆಯುತ್ತದೆ. ಯಾವ ಪ್ರತ್ಯಯ ಎಷ್ಟು ಇಡಬೇಕು ಅನ್ನುವ ಲೆಕ್ಕವನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಅದಕ್ಕೆ ತುಂಬಾ ಸಂಜೆಗಳು ಹೋಗಿವೆ.

ಇನ್ನು ದುಡ್ಡಿನ ವಿಷಯ. ಲಗ್ನಪತ್ರಿಕೆ ಮಾಡುವ ಒಂದು ಪ್ರೆಸ್ಸಿಗೆ ಕೊಟ್ಟಿದ್ದೆ. ಅವರು ಯೂನಿಕೋಡ್ ಅಕ್ಷರವನ್ನು ತಮ್ಮ ಹಳೆಯ ಫಾಂಟಿಗೆ ಬದಲಿಸುವಾಗ ಒತ್ತುಗಳೆಲ್ಲ ಜಾರಿದವು. ‘ಕ್ಕೆ’ ಕಾರ್ಡಿನಲ್ಲಿ ಕೆಳಗಿರಬೇಕಾದ ಒತ್ತು ಪಕ್ಕಕ್ಕೆ ಹೋಗಿ ನಿಂತಿತ್ತು. ಪ್ರತ್ಯಯವೇ ತಪ್ಪಾದರೆ ಆಡುವುದೇನು? ಸುಮಾರು ಮೂವತ್ತು ಡೆಕ್ ರದ್ದಿಗೆ ಹೋದವು, ದುಡ್ಡು ವಾಪಸ್ ಬರಲಿಲ್ಲ. ಅಕ್ಷರವನ್ನೆಲ್ಲ ಕರ್ವ್ ಮಾಡಿದ (ಫಾಂಟ್ ಬೇಕಿಲ್ಲದಂತೆ ಗೆರೆಯ ಚಿತ್ರವಾಗಿಸಿದ) ಪಿಡಿಎಫ್ ಮಾತ್ರ ಕೊಡಿ, ಬೇರೇನೂ ಕೊಡಬೇಡಿ. ಲಗ್ನದ ಸೀಜನ್ನಿನಲ್ಲಿ ಪ್ರೆಸ್ಸಿನ ಕಡೆ ಹೋಗಲೂ ಬೇಡಿ.

ಈಗ 12x18 ಇಂಚಿನ ಶೀಟಿಗೆ 18 ಕಾರ್ಡು, ಮೂರು ಶೀಟಿಗೆ 54ರ ಡೆಕ್. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಕದ) ಬೋರ್ಡು, ಹೊಳಪಿಲ್ಲದ ಮ್ಯಾಟ್ ಲ್ಯಾಮಿನೇಷನ್. ಗ್ಲಾಸಿ ಮಾಡಿಸಿದ್ದು ಬೇಸಿಗೆಯ ಬೆವರು ಕೈಗೆ ಅಂಟಿಕೊಂಡಿತು. ಡಬ್ಬಿ ಸೇರಿ ಡೆಕ್ಕಿಗೆ ಇನ್ನೂರರ ಆಸುಪಾಸು ಬೀಳುತ್ತದೆ, ಮುನ್ನೂರೈವತ್ತಕ್ಕೆ ಕೊಡುತ್ತೇನೆ. ಎರಡನೇ ಕಂತಿನ ಅಚ್ಚು ಖಾಲಿಯಾಗಿದೆ. ಮೂರನೆಯದರಲ್ಲಿ ‘ಲೆ’ ಮತ್ತು ‘ಆಗ’ ಕೂಡ ಅಚ್ಚಾಗುತ್ತಿವೆ.