ರಿಂಗ್ ಕೊಟ್ಟು ಪಕ್ಕಕ್ಕೆ ನಿಲ್ಲಿ

ಸ್ವಉದ್ಯೋಗ ತರಬೇತಿ ಕೊಡಲು ಹೊಸದಾಗಿ ಬಂದವರು ನನ್ನನ್ನು ಕೇಳುತ್ತಾರೆ: "ಮೊದಲ ದಿನ ಏನು ಮಾತಾಡಲಿ ಮೇಡಂ?" ಜಾಸ್ತಿ ಮಾತಾಡಬೇಡಿ. ರಿಂಗ್ ಆಟ ಆಡಿಸಿ.

ಒಂದು ಗೂಟ ನಿಲ್ಲಿಸಿ. ಅಡಿಗೊಂದರಂತೆ ಹತ್ತು ಗೆರೆ ಎಳೆಯಿರಿ. ಒಬ್ಬೊಬ್ಬರೂ ನಾಲ್ಕು ರಿಂಗ್ ಎಸೆದು ಗೂಟಕ್ಕೆ ಬೀಳಿಸಬೇಕು. ದೂರದಿಂದ ಹಾಕಿದಷ್ಟೂ ಅಂಕ ಜಾಸ್ತಿ. ಎಲ್ಲಿ ನಿಲ್ಲಬೇಕು ಅನ್ನೋದು ಅವರಿಗೇ ಬಿಟ್ಟಿದ್ದು. ಎಷ್ಟು ಅಂಕ ತೆಗೆಯುತ್ತೀರಿ ಅಂತ ಎಸೆಯುವ ಮೊದಲೇ ಬರೆಸಿಕೊಳ್ಳಿ. ಸಾಧಿಸುವ ಹಂಬಲ ಇರುವವರು ತೀರಾ ಹತ್ತಿರವೂ ನಿಲ್ಲುವುದಿಲ್ಲ, ತೀರಾ ದೂರವೂ ಹೋಗುವುದಿಲ್ಲ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್‌ಕ್ಲೆಲಂಡ್ ಗುರುತಿಸಿದ್ದರು. ಆ ಹಂಬಲವನ್ನು ಕಲಿಸಿ ಬೆಳೆಸಬಹುದಾ ಅಂತ ನೋಡಲು 1960ರ ದಶಕದಲ್ಲಿ ಆಂಧ್ರದ ಕಾಕಿನಾಡದಲ್ಲಿ ಸಣ್ಣ ಉದ್ಯಮಿಗಳಿಗೆ ತರಬೇತಿ ನಡೆಸಿದರು.

ಆಟಕ್ಕಿಂತ ಆಮೇಲಿನ ಮಾತುಕತೆ ದೊಡ್ಡದು. ಒಂದು ಶಿಬಿರದಲ್ಲಿ ಒಬ್ಬ ಹೆಣ್ಣುಮಗಳು ಎರಡನೇ ಗೆರೆ ಬಿಟ್ಟು ಕದಲಲಿಲ್ಲ. ನಾಲ್ಕೂ ರಿಂಗ್ ಬಿದ್ದವು.

"ಹಿಂದೆ ಯಾಕೆ ಹೋಗಲಿಲ್ಲ ತಂಗಿ?"

"ಎಲ್ರೂ ನೋಡ್ತಿದ್ರಲ್ಲ ಮೇಡಂ. ಬೀಳದಿದ್ರೆ ನಗ್ತಾರೆ."

ನಾನು ಬುದ್ಧಿ ಹೇಳಲಿಲ್ಲ. ಇನ್ನೊಂದು ಸುತ್ತು ಆಡಿಸಿದೆ. ಚಪ್ಪಲಿ ಬಿಟ್ಟು, ಸೆರಗು ಸಿಕ್ಕಿಸಿಕೊಂಡು, ತಾನಾಗೇ ಐದನೇ ಗೆರೆಗೆ ಹೋಗಿ ನಿಂತಳು. ಎರಡು ಬಿದ್ದವು, ಎರಡು ತಪ್ಪಿದವು. ಯಾರೂ ನಗಲಿಲ್ಲ.

ಮೂರನೇ ದಿನ ಸಂತೆಗೆ ಕಳಿಸಿ. ಮಾರಲು ಅಲ್ಲ, ಕೇಳಲು. ಹತ್ತು ಜನರನ್ನು ಮಾತಾಡಿಸಲಿ: ಈಗ ಯಾವುದು ತಗೊಳ್ತೀರಿ, ಎಷ್ಟಕ್ಕೆ, ಅದರಲ್ಲಿ ಏನು ಸರಿಯಿಲ್ಲ? ರಿಂಗ್ ಎಸೆದ ಆ ಹೆಣ್ಣುಮಗಳು ಶೇಂಗಾ ಚಟ್ನಿ ಪುಡಿಯನ್ನು ಅರ್ಧ ಕಿಲೋ ಪ್ಯಾಕೆಟ್ ಮಾಡಿ ಮಾರುವ ಲೆಕ್ಕ ಹಾಕಿದ್ದಳು. ಸಂಜೆ ಓಡಿ ಬಂದಳು: "ಹಾಸ್ಟೆಲ್ ಹುಡುಗರಿಗೆ ಹತ್ತು ರೂಪಾಯಿ ಪೊಟ್ಟಣ ಬೇಕಂತೆ ಮೇಡಂ!" ಅದು ನನಗೆ ಮೊದಲ ದಿನವೇ ಹೊಳೆದಿತ್ತು. ಬಾಯಿಗೆ ಬಂದದ್ದನ್ನು ನುಂಗಿಕೊಂಡಿದ್ದೆ. ನಾನು ಹೇಳಿದ್ದರೆ ಅದು ಮೇಡಂ ಐಡಿಯಾ ಆಗುತ್ತಿತ್ತು. ಒಂದು ವಾರ ಮಾರಾಟ ಆಗದಿದ್ದರೆ ಕೈಬಿಡುತ್ತಿದ್ದಳು. ಈಗ ಅದು ಅವಳದು, ಅಲ್ವಾ? ಪೊಟ್ಟಣಕ್ಕೆ ಎಷ್ಟು ಗ್ರಾಂ ತುಂಬಿದರೆ ಗಿಟ್ಟುತ್ತದೆ ಅಂತ ರಾತ್ರಿ ಕೂತು ಲೆಕ್ಕ ಹಾಕಿದ್ದೂ ಅವಳೇ.

ತಿನ್ನುವ ಪದಾರ್ಥ ಮಾರಲು ಬೇಕಾದ ಎಫ್‌ಎಸ್‌ಎಸ್‌ಎಐ ನೋಂದಣಿ, ಸಾಲದ ಅರ್ಜಿ, ಇಲ್ಲಿ ಮಾತ್ರ ಸುಮ್ನಿರಬೇಡಿ. ಪಕ್ಕದಲ್ಲೇ ಕೂತು ತುಂಬಿಸಿ. ಅಲ್ಲಿ ಜಾಣತನ ತೋರಿಸುವಂಥದ್ದು ಏನೂ ಇಲ್ಲ. ಒಂದು ದಾಖಲೆ ತಪ್ಪಿದರೆ ಉತ್ಸಾಹವೇ ಇಳಿದುಹೋಗುತ್ತದೆ.

ಪ್ರಮಾಣಪತ್ರ ಕೊಟ್ಟು ಕೈತೊಳೆದುಕೊಳ್ಳಬೇಡಿ. ಹಳ್ಳಿಯ ಯುವಜನರಿಗೆ ಸ್ವಉದ್ಯೋಗ ಕಲಿಸಲು 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲೇ ಈಗ ದೇಶದ ಜಿಲ್ಲೆಗಳಲ್ಲಿ ಆರ್‌ಸೆಟಿಗಳು, ಅಂದರೆ ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳು, ಇವೆ. ತರಬೇತಿ ಮುಗಿದ ಮೇಲೂ ಬೆನ್ನಿಗೆ ನಿಲ್ಲುವುದು ಆ ಮಾದರಿಯ ಜೀವಾಳ. ನಾನು ಮೊದಲ ಮೂರು ತಿಂಗಳು ವಾರಕ್ಕೊಮ್ಮೆ ಫೋನ್ ಮಾಡುತ್ತೇನೆ. "ವ್ಯಾಪಾರ ಹೇಗಿದೆ" ಅಂತ ಕೇಳಿದರೆ ಎಲ್ಲರೂ "ಚೆನ್ನಾಗಿದೆ" ಅಂತಾರೆ. ಅದಕ್ಕೆ "ಈ ವಾರ ಯಾರು ಬೇಡ ಅಂದ್ರು, ಯಾಕೆ?" ಅಂತ ಕೇಳುತ್ತೇನೆ. ಮೊನ್ನೆ ಆಕೆಯೇ ಫೋನ್ ಮಾಡಿದ್ದಳು. "ಖಾರ ಜಾಸ್ತಿ ಅಂತ ಇಬ್ರು ವಾಪಸ್ ಕೊಟ್ರು ಮೇಡಂ. ಬೆಲ್ಲ ಹಾಕಿ ಇನ್ನೊಂದು ಥರ ಮಾಡ್ತಿದೀನಿ, ನೀವೇನೂ ಹೇಳ್ಬೇಡಿ."